ಎದೆಯ ಮೇಲಿನ ಕೈ

ಮಾರ್ಚ್ ೧೨, ಗುರುವಾರ

ಇವತ್ತು ಮೊದಲ ಸಲ ವೆಂಟಿಲೇಟರ್ ನಿಲ್ಲಿಸಿದೆ. ಸೀನಿಯರ್ ಪಕ್ಕದಲ್ಲೇ ಇದ್ದರು, ಆದರೆ ಕೈ ನನ್ನದು. ಉಸಿರಾಟದ ಚಿಕಿತ್ಸೆ ಕಲಿಯಲು ಸೇರಿದಾಗ ಇದೂ ನಮ್ಮ ಕೆಲಸವೇ ಅಂತ ಹೊಳೆದಿರಲಿಲ್ಲ.

ಹಾಸಿಗೆಯಲ್ಲಿದ್ದವರು ಒಬ್ಬ ಟೈಲರ್. ಇನ್ನು ಚೇತರಿಸಿಕೊಳ್ಳಲ್ಲ ಅಂತ ಡಾಕ್ಟರು ಹೇಳಿದ ಮೇಲೆ ಮನೆಯವರು ಒಪ್ಪಿದ್ದರು. ಮಗಳು ನನ್ನನ್ನು ಕೇಳಿದಳು, "ಅಪ್ಪಂಗೆ ಉಸಿರು ಕಟ್ಟಿದ ಹಾಗಾಗುತ್ತಾ, ಅಕ್ಕಾ?"

"ಇಲ್ಲಮ್ಮ, ಅವರಿಗೆ ಏನೂ ಗೊತ್ತಾಗದ ಹಾಗೆ ಔಷಧಿ ಕೊಟ್ಟಿದ್ದೀವಿ."

ಗಂಟಲಿನ ನಳಿಕೆ ತೆಗೆದೆ. ಅವಳು ಅಪ್ಪನ ಎದೆಯ ಮೇಲೆ ಕೈಯಿಟ್ಟು ಕೂತಳು. ಎದೆ ಸುಮ್ಮನಾದ ಮೇಲೂ ಕೈ ತೆಗೆಯಲಿಲ್ಲ.

ಮನೆಯಲ್ಲಿ ಅಮ್ಮ ನನ್ನ ಮುಖ ನೋಡಿ, "ನಾಳೆ ಹೋಗ್ತೀಯಾ?" ಅಂದಳು. ಹೂಂ ಅಂದೆ. ಆ ಹಾಸಿಗೆಗೆ ಆಗಲೇ ಬೇರೆ ಯಾರೋ ಬಂದಿರಬೇಕು.

ಆಸ್ಪತ್ರೆಯಿಂದ ಹೊರಡುವಾಗ ಆ ಹುಡುಗಿ ನನಗೆ ಥ್ಯಾಂಕ್ಸ್ ಹೇಳಿದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. ಈ ಥ್ಯಾಂಕ್ಸನ್ನು ಎಲ್ಲಿ ಇಟ್ಟುಕೊಳ್ಳಲಿ ಅಂತ ಗೊತ್ತಾಗುತ್ತಿಲ್ಲ.