ಸ್ಲೋ ಶಾಟ್

ಡನ್‌ಡಾಕ್, ಐರ್ಲೆಂಡ್, ಜನವರಿ ೨೦೨೧

ಮಾವ, ನಿಮ್ಮ ಡಾಕ್ಟರ್ ಸೋದರಸೊಸೆಯ ನಮಸ್ಕಾರ.

ಲಾಕ್‌ಡೌನ್‌ನಲ್ಲಿ ನಮ್ಮ ಬಾಡಿಗೆಮನೆಯಲ್ಲಿ ಜೊತೆಗಿರುವ ಟೆಕ್ಕಿ ಅಭಿನಂದನ್ ಟಿವಿ ನೋಡಿ ನೋಡಿ ಐಸ್-ಹಾಕಿ ಆಟದ ಪಂಡಿತನಾಗಿದ್ದಾನೆ. ಐಸ್ ಮೇಲೆ ಕಾಲಿಟ್ಟವನಲ್ಲ. ಆದರೂ ಊಟಕ್ಕೆ ಕೂತರೆ ಸಾಕು, ಮುಖಕವಚವಿಲ್ಲದೆ ಬರಿಮುಖದಲ್ಲಿ ಗೋಲು ಕಾಯ್ದ ಹಳಬರನ್ನು, ದಪ್ಪ ಪ್ಯಾಡ್ ಕಟ್ಟಿ ಹಾಸಿಗೆ ಸುತ್ತಿಕೊಂಡಂತೆ ನಿಲ್ಲುವ ಈಗಿನವರ ಪಕ್ಕದಲ್ಲಿಟ್ಟು, ಹಳಬರಿಗೇ ಸೊನ್ನೆ ಕೊಡುತ್ತಾನೆ. ಮೈಸೂರಿನಲ್ಲಿ ಹಾಕಿ ಚೆಂಡು ತಡೆಯಲು ಹೋಗಿ ನೀವು ಮುಂದಿನ ಹಲ್ಲು ಕಳೆದುಕೊಂಡದ್ದನ್ನು ಹೇಳಿದೆ.

“ಆಗೆಲ್ಲ ಶಾಟ್ ಸ್ಲೋ ಇತ್ತು ಬಿಡಿ ಡಾಕ್ಟ್ರೇ. ಮುಖಕ್ಕೆ ಬಿದ್ರೂ ಗ್ರ್ಯಾಂಡ್!” ಎಂದ, ‘ಏನೂ ಆಗಲ್ಲ’ ಎನ್ನುವ ಇಲ್ಲಿನವರ ಧಾಟಿಯಲ್ಲಿ.

ನಿನ್ನೆ ಅವನಿಗೆ ಜ್ವರ. ನಮ್ಮ ಆಸ್ಪತ್ರೆಗೆ ಕೋವಿಡ್ ಟೆಸ್ಟಿಗೆ ಬಂದಾಗ ಹತ್ತಿ ಕಡ್ಡಿ ಹಿಡಿದವಳು ನಾನೇ. ಅದು ಮೂಗಿಗೆ ತಾಗುವ ಮುಂಚೆಯೇ ಆ ಮಹಾಶಯ ಮುಖ ಮುಚ್ಚಿಕೊಂಡು ಕಿರುಚಿ ಕುರ್ಚಿಯಿಂದ ಬಿದ್ದ.

ಅವನ ರಿಪೋರ್ಟ್ ನೆಗೆಟಿವ್ ಬಂತು; ನಾನೂ ಚೆನ್ನಾಗಿದ್ದೇನೆ. ನೀವು ಬಿಪಿ ಮಾತ್ರೆ ತಪ್ಪಿಸಬೇಡಿ. ಡ್ಯೂಟಿಗೆ ಹೊರಟೆ. ಅಂದಹಾಗೆ, ಕಡ್ಡಿ ಬಹಳ ಸ್ಲೋ ಆಗಿಯೇ ಬರುತ್ತಿತ್ತು.

— ವಸುಂಧರಾ