ಅಪ್ಪನ ಮಂಡಿ ನೋವು

ಅಪ್ಪಾ,

ಅಲರ್ಜಿಯ ಉಬ್ಬಸಕ್ಕೆ ಪ್ರತಿಕಾಯದ ಹೊಸ ಇಂಜೆಕ್ಷನ್ ಪರೀಕ್ಷಿಸುತ್ತಿದ್ದಾರೆ, ನಾನೂ ಸೇರಿದ್ದೇನೆ. ಇವತ್ತು ಐದನೆಯದು. ಆಸ್ಪತ್ರೆಯ ಲಿಫ್ಟ್ ಕೆಟ್ಟಿತ್ತು. ನಾಲ್ಕು ಮಹಡಿ ಹತ್ತಿದೆ, ಒಂದೇ ಉಸಿರಿಗೆ!

"ನನಗೆ ಕೊಡ್ತಿರೋದು ಔಷಧಿನೇ ಅಲ್ವಾ?" ಎಂದು ನರ್ಸಮ್ಮನನ್ನು ಕೇಳಿದೆ.

"ಪರೀಕ್ಷೆಯಲ್ಲಿ ಕೆಲವರಿಗೆ ಬರೀ ನೀರು ಕೊಡ್ತಾರೆ, ಯಾರಿಗೆ ಅಂತ ನಮಗೂ ಹೇಳಲ್ಲಮ್ಮ. ನೀವು ಮೊದಲು ಕೊಳವೆ ಊದಿ."

ಊದಿದೆ. ಉಸಿರಿನ ಬಲ ತೋರಿಸುವ ಮುಳ್ಳು ಎಂದೂ ಏರದಷ್ಟು ಏರಿತು.

ಮನೆಯ ಮೆಟ್ಟಿಲು ಹತ್ತುವಾಗೆಲ್ಲ ಎರಡನೇ ಮಹಡಿಯಲ್ಲಿ ನೀವೇ ನಿಲ್ಲುತ್ತಿದ್ದಿರಿ. "ತಾಳು ಮಗಳೇ, ಮಂಡಿ ಹಿಡ್ಕೊಂಡಿದೆ." ನಿಮ್ಮಿಂದಲೇ ತಡವಾಯಿತೆಂದು ಏದುಸಿರಲ್ಲೇ ಸಿಡುಕುತ್ತಿದ್ದೆ. ಆದರೂ ನೋವಿನ ಎಣ್ಣೆ ತಂದುಕೊಡುತ್ತಿದ್ದೆ. ನೀವು ಹೋದ ಮೇಲೆ ಕಪಾಟಿನಲ್ಲಿ ಆರು ಬಾಟಲಿ ಸಿಕ್ಕವು. ಒಂದರ ಮುಚ್ಚಳವನ್ನೂ ತೆರೆದಿರಲಿಲ್ಲ.

ಇವತ್ತು ಇಳಿಯುವಾಗ ಉಸಿರು ಸಲೀಸಾಗಿಯೇ ಇತ್ತು. ಎರಡನೇ ಮಹಡಿಯಲ್ಲಿ ಒಂದು ಗಳಿಗೆ ನಿಂತೆ, ನಿಮ್ಮ ಮಂಡಿಗೋಸ್ಕರ.