ಬಾವಿ ನೀರಿಗೆಂದು ಕೊಟ್ಟ ಬಿಂದಿಗೆ

ತವಮಣಿ ಅಕ್ಕ,

ನಿಮಗೆ ಕನ್ನಡ ಓದಲು ಬರುವುದಿಲ್ಲ. ಆ ಧೈರ್ಯದಿಂದಲೇ ಬರೆಯುತ್ತಿದ್ದೇನೆ.

ಇವತ್ತು ಇಲ್ಲಿ ಗ್ಲೆನೆಲ್ಗ್ ಕಡಲತೀರಕ್ಕೆ ಹೋಗುವ ಟ್ರಾಮಿನಲ್ಲಿ ನಿಮ್ಮ ತಂಗಿಯ ಮಗ ಕುಗನ್ ಸಿಕ್ಕಿದ್ದ. ಫೋನಿನಲ್ಲಿ ನಿಮ್ಮ ಫೋಟೊ ತೋರಿಸಿದ. ತಗಡಿನ ಬಾಡಿಗೆ ಮನೆ, ಅದರ ಹಿಂದೆ ಸೇನೆಯ ಮುಳ್ಳುತಂತಿ, ತಂತಿಯಾಚೆ ನಿಮ್ಮದೇ ಮನೆ, ಬಾವಿ. ಯುದ್ಧ ಮುಗಿದು ಇಷ್ಟು ವರ್ಷವಾದರೂ ಜಾಗ ಬಿಟ್ಟುಕೊಟ್ಟಿಲ್ಲವಂತೆ.

ನೀವು ಶ್ರೀಲಂಕಾಕ್ಕೆ ವಾಪಸು ಹೊರಟಾಗ ನಾವು ಕನ್ನಡದವರೆಲ್ಲ ಸೇರಿ ಹೋಳಿಗೆ ಊಟ ಹಾಕಿಸಿದ್ದೆವು. ಇಲ್ಲಿ ನಿಮಗೆ ವೀಸಾ ಸಿಗಲಿಲ್ಲ ಎಂಬ ಮಾತನ್ನು ಯಾರೂ ಎತ್ತಲಿಲ್ಲ. "ಪುಣ್ಯವಂತರು ಅಕ್ಕ ನೀವು, ಸ್ವಂತ ಊರಿಗೆ ಹೋಗ್ತಿದ್ದೀರ," ಎಂದವಳು ನಾನೇ. ಗೃಹಪ್ರವೇಶದಲ್ಲಿ ಮಾಡುವ ಹಾಗೆ, ನಿಮ್ಮ ಬಾವಿಯ ನೀರು ತುಂಬಿಕೊಂಡೇ ಮನೆಯೊಳಗೆ ಕಾಲಿಡಿ ಎಂದು ತಾಮ್ರದ ಬಿಂದಿಗೆಗೆ ಅರಿಶಿನದ ದಾರ ಕಟ್ಟಿ ಕೊಟ್ಟೆ.

ಫೋಟೊದಲ್ಲಿ ನೀವು ಪ್ಲಾಸ್ಟಿಕ್ ಕೊಡದಲ್ಲಿ ಲಾರಿ ನೀರು ಹಿಡಿಯುತ್ತಿದ್ದೀರಿ. ಬಿಂದಿಗೆ ಕಿಟಕಿಯಲ್ಲಿದೆ, ದಾರ ಬಿಚ್ಚಿಲ್ಲ.

"ಬಾವಿ ನೀರಿಗೇ ಅಂತ ದೊಡ್ಡಮ್ಮ ಅದನ್ನ ಎತ್ತಿಟ್ಟಿದ್ದಾರೆ," ಎಂದು ಕುಗನ್ ತಮಿಳಿನಲ್ಲಿ ಹೇಳಿದ. "ಅವರಿಗೆ ಏನಾದ್ರೂ ಹೇಳ್ಬೇಕಾ ಆಂಟಿ?"

"ಹುಣಸೆಹಣ್ಣು ಹಾಕಿ ಉಜ್ಜೋಕೆ ಹೇಳಪ್ಪ," ಎಂದೆ. "ಸುಮ್ನೆ ಇಟ್ರೆ ತಾಮ್ರ ಕಪ್ಪಾಗುತ್ತೆ."